ಫ್ರಾನ್ಸಿನ ಸಂಗೀತಕ್ಕೆ ಮೂಡಲಗಿಯ ಕರುಳಿನ ತಂತಿ

ನಾನು ಕುರಿಯ ಕರುಳಿನಿಂದ ತಂತಿ ಹೊಸೆಯುತ್ತಿದ್ದವನು. ಮೂಡಲಗಿಯ ನಮ್ಮ ಹಿತ್ತಲಿನಲ್ಲಿ ನಲವತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡಿದೆ. ಈಗ ಬೆರಳಿನ ಗಂಟುಗಳು ಬಾತಿವೆ, ಒದ್ದೆ ಎಳೆ ಹಿಡಿದರೆ ಕೈಯಿಂದ ಜಾರುತ್ತದೆ. ಅದಕ್ಕೇ ಬಿಟ್ಟಿದ್ದೇನೆ. ಉಣ್ಣೆ ಸಂಘದವರು ಈ ಕೆಲಸ ಕಲಿಯಲೆಂದು ಆರು ಜನರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ, ಬರೆದುಕೊಡಿರಿ ಎಂದರು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು ಏನು ಬರೆದಾನು ಎಂದು ಅವರಲ್ಲಿ ಒಬ್ಬರು ಹಿಂದೆ ಆಡಿಕೊಂಡರಂತೆ. ಸಾಲಿ ಬಿಟ್ಟದ್ದು ಖರೆ, ಓದುವುದನ್ನು ಬಿಟ್ಟಿಲ್ಲ. ನನ್ನ ಅಕ್ಷರ ದುಂಡಗಿವೆ.

ಈಗಿನವರಿಗೆ ಕರುಳಿನ ತಂತಿ ಎಂದರೆ ಮೂಗು ಮುರಿಯುವ ಮಾತು. ನಮ್ಮ ಕಾಲದಲ್ಲಿ ಅದಿಲ್ಲದೆ ಕಂಬಳಿ ಇರಲಿಲ್ಲ. ಉಣ್ಣೆಯನ್ನು ಹಿಂಜಲು ಆಳುದ್ದದ ಒಂದು ಬಿಲ್ಲು ಇರುತ್ತಿತ್ತು. ಅದರ ಹೆದೆ ನಮ್ಮ ತಂತಿ. ಹಿಂಜುವವನು ಕಟ್ಟಿಗೆಯ ಕೊಡತಿಯಿಂದ ಆ ತಂತಿಗೆ ಹೊಡೆದರೆ ಅದು ನಡುಗಿ ಉಣ್ಣೆಯನ್ನು ಎಳೆ ಎಳೆಯಾಗಿ ಹಾರಿಸುತ್ತಿತ್ತು. ಮೂಡಲಗಿ, ಗೋಕಾಕ, ಹುಕ್ಕೇರಿ ಸುತ್ತಿನ ಕುರುಬರ ಓಣಿಗಳಿಗೆಲ್ಲ ತಂತಿ ಹೋಗುತ್ತಿದ್ದದ್ದು ನಮ್ಮ ಮನೆಯಿಂದ.

ನನಗೆ ಕಲಿಸಿದವನು ಸೋದರಮಾವ. ಮುಂದೆ ಅವನ ಮಗಳು ಸತ್ಯವ್ವನನ್ನೇ ಲಗ್ನವಾದೆ, ಹಾಗಾಗಿ ಎರಡು ಕಡೆಯಿಂದ ಅವನ ಕೈಕೆಳಗೆ ಬಿದ್ದೆ ಎನ್ನಬಹುದು. ಮಾವ ಮಾತಾಡುವುದು ಕಡಿಮೆ, ಬೈಯುವುದು ಹೆಚ್ಚು. ಮಟನ್ ಅಂಗಡಿಯಿಂದ ಕರುಳು ತಂದಾಗ ಅದು ಇನ್ನೂ ಬೆಚ್ಚಗಿರಬೇಕು. ಕಾಲುವೆಯ ಹರಿಯುವ ನೀರಿನಲ್ಲಿ ತೊಳೆದು, ಬಿದಿರಿನ ಮೊಂಡು ಚಕ್ಕೆಯಿಂದ ಕೊಬ್ಬು ಕೆರೆದು, ಬೂದಿನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಬೇಕಾದಷ್ಟು ಎಳೆ ಕೂಡಿಸಿ ರಾಟಿಗೆ ಹಚ್ಚಿ ಹೊಸೆದು, ಎರಡು ಗೂಟಗಳ ನಡುವೆ ಬಿಗಿದು ನೆರಳಿನಲ್ಲಿ ಒಣಗಿಸಬೇಕು. ಎಲ್ಲ ಸೇರಿ ಒಂಬತ್ತು ದಿನ. ಎಂಟಕ್ಕೆ ಮುಗಿಸಿದೆನೆಂದು ಯಾರಾದರೂ ಹೇಳಿದರೆ ಅವನ ತಂತಿ ಕೊಳ್ಳಬೇಡಿರಿ.

ಮಾವನ ಒಂದು ನಿಯಮ ಇಲ್ಲಿ ಹೇಳಬೇಕು, ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಕುರಿಯ ಕರುಳು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಹೋಗುತ್ತ ಸಣ್ಣ. ಹೊಸೆಯುವಾಗ ಎಲ್ಲ ಎಳೆಗಳ ದಪ್ಪ ತುದಿ ಒಂದೇ ಕಡೆ ಇರಬೇಕು ಎಂದು ಮಾವ ಹೇಳುತ್ತಿದ್ದ. ಯಾಕೆಂದರೆ ಕೊಡತಿಯ ಪೆಟ್ಟು ಬೀಳುವುದು ಬಿಲ್ಲಿನ ಒಂದು ತುದಿಯ ಹತ್ತಿರ, ತಂತಿ ಅಲ್ಲಿಯೇ ಸವೆಯುವುದು. ಅಲ್ಲಿ ದಪ್ಪಗಿದ್ದರೆ ಎರಡು ಸುಗ್ಗಿ ಹೆಚ್ಚು ಬಾಳುತ್ತದೆ. ಈ ನಿಯಮದಿಂದಲೇ ನಮ್ಮ ಮನೆಯ ತಂತಿಗೆ ಹೆಸರು ಬಂದದ್ದು.

ನನ್ನ ಮೊದಲ ದೊಡ್ಡ ತಪ್ಪು ಒಣಗಿಸುವುದರಲ್ಲಿ. ಮಾವ ಬೇರೆ ಊರಿಗೆ ಹೋಗಿದ್ದ. ಹುಕ್ಕೇರಿಯ ಒಬ್ಬ ಹಿಂಜುವ ಮುದುಕ ತಂತಿಗಾಗಿ ಕಾದು ಕೂತಿದ್ದ. ಬೇಗ ಆಗಲಿ ಎಂದು ಬಿಸಿಲಿಗೆ ಬಿಗಿದೆ. ಹೊಳೆಹೊಳೆಯುವ ತಂತಿ ಬಂತು, ಮುದುಕ ಖುಷಿಯಾಗಿ ಒಯ್ದ. ಮೂರನೆಯ ದಿನ ಬಂದವನ ಕೆನ್ನೆಯ ಮೇಲೆ ಕಿವಿಯಿಂದ ಗದ್ದದ ತನಕ ಕೆಂಪು ಬರೆ. ಹರಿದ ತಂತಿ ಬಡಿದಿತ್ತು. ಮಾವ ನನ್ನನ್ನು ಬೈಯಲಿಲ್ಲ. ಆ ಮುದುಕನನ್ನು ನನ್ನ ಎದುರು ಕೂಡಿಸಿ, “ಮಾರಿ ನೋಡಿಕೋತ ರೊಟ್ಟಿ ತಿನ್ನು” ಎಂದ. ಆ ರೊಟ್ಟಿ ಇನ್ನೂ ಗಂಟಲಲ್ಲಿದೆ. ಆಮೇಲೆ ನನ್ನ ಕೈಯ ತಂತಿ ಯಾರ ಬಿಲ್ಲಿನ ಮೇಲೂ ಅಕಾಲಕ್ಕೆ ಹರಿದಿಲ್ಲ. ಇದನ್ನು ನಾನು ಎದೆ ಸೆಟೆಸಿ ಹೇಳುತ್ತೇನೆ.

ನಾಯಿಗಳ ಕಾಟ ಬೇರೆ. ಒಮ್ಮೆ ಓಣಿಯ ಕರಿ ನಾಯಿ ಬೂದಿನೀರಿನ ಕೊಪ್ಪರಿಗೆಯಿಂದ ಎಳೆಗಳ ಕಟ್ಟನ್ನೇ ಎತ್ತಿಕೊಂಡು ಓಡಿತು, ಹಿಂದೆ ನಾನು, ನನ್ನ ಹಿಂದೆ ಮಾವ, ಬಸ್ ಸ್ಟ್ಯಾಂಡಿನ ತನಕ. ಅಲ್ಲಿ ನಿಂತಿದ್ದ ಮಂದಿ ಇವರ ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದು ಜೊತೆಗೆ ಓಡಿದರು.

ಆಮೇಲೆ ಮೂಡಲಗಿಗೆ ಕರೆಂಟಿನ ಹಿಂಜುವ ಮಷೀನು ಬಂತು. ಬಿಲ್ಲುಗಳು ಜಂತಿಗೆ ತೂಗುಬಿದ್ದವು. ಮಾವ ಅದನ್ನು ನೋಡದೆ ಹೋದ, ಅದೊಂದು ಪುಣ್ಯ. ನಾನು ಎಲ್ಲಮ್ಮನ ಭಕ್ತರು ಮೀಟುವ ಚೌಡಿಕಿಗೆ ತಂತಿ ಮಾಡಿಕೊಂಡು ಉಳಿದೆ. ಅಲ್ಲಿಗೂ ನೈಲಾನು ಕಾಲಿಟ್ಟಿತು. ಮೂಡಲಗಿ ತಾಲೂಕಾದ ಹೊಸತರಲ್ಲಿ ನನ್ನ ರಾಟಿ ಸುತ್ತುತ್ತಿದ್ದದ್ದು ತಿಂಗಳಿಗೆ ಒಂದೆರಡು ಸಲ.

ಅಂಥ ದಿನಗಳಲ್ಲಿ ಸುಜಾತಾ ಬಂದಳು. ಬೆಲ್ಲದ ಬಾಗೇವಾಡಿಯ ಒಬ್ಬ ಸಾಲಿ ಮಾಸ್ತರರ ಮಗಳು, ಗೋವಾದಲ್ಲಿ ಸಂಗೀತ ಕಲಿತು ಅಲ್ಲಿಯೇ ಕಲಿಸುತ್ತಿದ್ದಳು. ಬೆನ್ನಿಗೆ ಆಳೆತ್ತರದ ಒಂದು ಪೆಟ್ಟಿಗೆ. ಆಟೋದಿಂದ ಅದನ್ನು ಇಳಿಸುವಾಗ ಸತ್ಯವ್ವ, “ಯಾರನ್ನ ಹೊತಗೊಂಡ ಬಂದೀಯವ್ವಾ ತಂಗಿ?” ಎಂದಳು.

ಪೆಟ್ಟಿಗೆಯಲ್ಲಿದ್ದದ್ದು ಪಿಟೀಲಿನ ಜಾತಿಯದೇ, ಆದರೆ ಮೊಣಕಾಲುಗಳ ನಡುವೆ ನಿಲ್ಲಿಸಿ ಬಾರಿಸುವಷ್ಟು ದೊಡ್ಡ ವಾದ್ಯ. ಚೆಲ್ಲೋ ಅನ್ನುತ್ತಾರಂತೆ. ಅವರು ನಾಲ್ಕು ಜನ ಕೂಡಿ ಬಾರಿಸುತ್ತಾರೆ: ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದೊಂದು, ಮತ್ತೆ ಇವಳದು. ಫ್ರಾನ್ಸ್ ದೇಶದ ಒಬ್ಬ ಸಂಗೀತಗಾರ ನೂರು ವರ್ಷಕ್ಕೂ ಹಿಂದೆ ಈ ನಾಲ್ಕು ವಾದ್ಯಗಳಿಗೆಂದೇ ಒಂದು ಸಂಗೀತ ಬರೆದಿಟ್ಟಿದ್ದಾನೆ. ಅವನ ಕಾಲದಲ್ಲಿ ತಂತಿ ಕರುಳಿನವೇ. ಅದನ್ನು ಹಾಗೆಯೇ ಬಾರಿಸಬೇಕೆಂದು ಇವರ ಹಟ. ಪರದೇಶದಿಂದ ತರಿಸಿದ ತಂತಿಗಳಲ್ಲಿ ಇವಳದೊಂದು ಗೋವಾದ ಹಸಿ ಗಾಳಿಗೆ ಹರಿದಿತ್ತು, ಇನ್ನೊಂದು ಬರಲು ತಿಂಗಳುಗಟ್ಟಲೆ ಬೇಕು. ಗೋಕಾಕದ ಕಾಲೇಜಿನ ಸಭಾಭವನದಲ್ಲಿ ಅವರ ಕಛೇರಿ ಇದ್ದದ್ದು ಇಪ್ಪತ್ತೆರಡು ದಿನಕ್ಕೆ.

“ಉಕ್ಕಿನ ತಂತಿ ಹಾಕಾಕ ಬರೂದಿಲ್ಲೇನು?” ಎಂದು ಕೇಳಿದೆ.

“ಬರತೈತ್ರಿ ಕಾಕಾ. ಆದ್ರ ಮೂರು ಮಂದಿ ಹತ್ತಿ ಅರಿವಿ ಉಟ್ಟು, ಒಬ್ಬಾಕಿ ತಗಡ ಸುತ್ತಿಕೊಂಡು ನಿಂತಂಗ ಆಗತೈತಿ.” ಆಮೇಲೆ ಮೆತ್ತಗೆ ಹೇಳಿದಳು, “ಎರಡು ವರ್ಷ ಆತ್ರಿ ಇದನ್ನ ಕಲಿಯಾಕತ್ತು. ನಮ್ಮ ಕಡೆ ಒಮ್ಮೆ ಬಾರಸಬೇಕಂತ ನಾನ ಗಂಟ ಬಿದ್ದು ಎಲ್ಲಾರನ್ನೂ ಒಪ್ಪಿಸೇನಿ. ನಮ್ಮ ಲೋಬೊ ಮಾಸ್ತರು ಒಂದ ಮಾತು ಹೇಳ್ಯಾರ. ಕಛೇರಿ ಹಿಂದಿನ ದಿನ ಗೋಕಾಕದಾಗ ಕೂಡಿ ಬಾರಿಸಿ ನೋಡೂದು. ತಂತಿ ಸರಿ ಇರಲಿಲ್ಲಂದ್ರ ಫ್ರಾನ್ಸಿಂದು ಬಿಟ್ಟು ಬ್ಯಾರೆ ಏನರ ಬಾರಸೂದು.”

ಲೋಬೊ ಮಾಸ್ತರು ಎಂದರೆ ಮೊದಲ ಪಿಟೀಲಿನವರು, ಅವಳ ಗುರುಗಳು. ನಾನು ಹರಿದ ತಂತಿಯ ತುಂಡನ್ನು ಬೆರಳ ನಡುವೆ ಉರುಳಿಸಿ ನೋಡಿದೆ. ನಮ್ಮ ಬಿಲ್ಲಿನ ತಂತಿಯ ಅರ್ಧದಷ್ಟೂ ದಪ್ಪವಿಲ್ಲ. “ನನ್ನ ಕೈಯಾಗಿನ ತಂತಿ ಹರಿಯಾಂಗಿಲ್ಲ, ನಿಶ್ಚಿಂತಿಂದ ಹೋಗು” ಎಂದೆ.

ಒಂಬತ್ತನೆಯ ದಿನಕ್ಕೆ ತಂತಿ ಸಿದ್ಧ. ಹತ್ತನೆಯ ದಿನ ಬಂದು ನಮ್ಮ ಅಂಗಳದಲ್ಲಿಯೇ ಏರಿಸಿದಳು. ಕಮಾನು ಎಳೆದಳು. ತುಂಬು ದನಿ. ನನ್ನ ಮೀಸೆಗೆ ತಾನೇ ಕೈ ಹೋಯಿತು. ಆಮೇಲೆ ಬೆರಳಿಟ್ಟು ಬಾರಿಸತೊಡಗಿದಳು, ಮುಖ ಬಾಡುತ್ತ ಬಂತು.

“ಕಾಕಾ, ಬೆರಳ ಇಡದ ಬಾರಿಸಿದ್ರ ಸ್ವರ ಸರಿ ಐತ್ರಿ. ಬೆರಳ ಇಟ್ಟ ಕೂಡ್ಲೇ ಜಾರತೈತಿ. ಬಾಜೂದ ತಂತಿ ಮ್ಯಾಲ ಎಲ್ಲಿ ಇಡ್ತೇನೋ, ಇದರ ಮ್ಯಾಲೂ ಅಲ್ಲೇ ಸ್ವರ ಸಿಗಬೇಕು. ಸಿಗವಲ್ದು. ಮ್ಯಾಲ ಹೋದಂಗ ಇನ್ನಷ್ಟು ಕೆಡತೈತಿ.”

“ತಂತಿ ಹರಿದೈತೇನು?”

“ಇಲ್ರಿ.”

“ಹಂಗಾದ್ರ ತಂತಿ ಸರಿ ಐತಿ. ನಿನ್ನ ಬೆರಳ ತಪ್ಪಿರಬೇಕು.”

ಅವಳು ಸಿಟ್ಟಾಗಲಿಲ್ಲ. “ನನ್ನ ಬೆರಳ ತಪ್ಪಿದ್ರ ನಾಲ್ಕೂ ತಂತಿ ಮ್ಯಾಲ ತಪ್ಪಬೇಕಲ್ರಿ ಕಾಕಾ?” ಎಂದಳು.

ಕಲಿಯುವವರೇ, ಇದನ್ನು ಗಮನಿಸಿರಿ. ನಲವತ್ತು ವರ್ಷ ನನಗೆ ಗೊತ್ತಿದ್ದ ಪ್ರಶ್ನೆ ಒಂದೇ: ಹರಿಯುತ್ತದೋ ಇಲ್ಲವೋ. ಬಿಲ್ಲಿಗೆ ಸ್ವರ ಬೇಕಾಗಿರಲಿಲ್ಲ. ಚೌಡಿಕಿಯಲ್ಲಿಯೂ ತಂತಿಯ ಮೇಲೆ ಬೆರಳು ಓಡಾಡುವುದಿಲ್ಲ. ತಂತಿಗೆ ಬೇರೊಂದು ಪರೀಕ್ಷೆಯೂ ಇರಬಹುದೆಂದು ನನಗೆ ತೋಚಿರಲೇ ಇಲ್ಲ.

ಉಳಿದದ್ದು ಹನ್ನೆರಡು ದಿನ. ಹಿಂದಿನ ದಿನದ ಪರೀಕ್ಷೆ ಕಳೆದರೆ ಹನ್ನೊಂದು. ಇನ್ನೊಂದು ತಂತಿಗಷ್ಟೇ ಸಮಯ.

ಹೋಗುವ ಮೊದಲು ಸತ್ಯವ್ವ ಚಹಾ ಕೊಟ್ಟು, “ಅಲ್ಲವಾ, ಆ ಫ್ರಾನ್ಸಿನವ ಅಂಥಾದ್ದೇನ ಬರದಾನ?” ಎಂದು ಕೇಳಿದಳು.

“ಕಾಕೂ, ನಾಲ್ಕು ಭಾಗ ಐತ್ರಿ. ಮೊದಲ ಒಂದು ಸಣ್ಣ ಧಾಟಿ ಬರತೈತಿ. ಮುಂದ ಅದ ಧಾಟಿ ಬ್ಯಾರೆ ಬ್ಯಾರೆ ಅರಿವಿ ಹಾಕ್ಕೊಂಡು ತಿರಗಿ ಬರತೈತಿ. ಹಿಂಗ ಮಾಡೂದನ್ನ ಅವ ತನಗಿಂತ ಹಿರಿಯರಾದ ಒಬ್ಬ ಮಾಸ್ತರರಿಂದ ತಗೊಂಡ. ಎರಡನೇದ್ರಾಗ ಕಮಾನು ಬದಿಗಿಟ್ಟು ಬೆರಳಲೇ ಮೀಟೂದು ಭಾಳ ಐತಿ.” ಉಳಿದ ತಂತಿಗಳ ಮೇಲೆ ಆ ಮೀಟುವ ತುಣುಕನ್ನು ಬಾರಿಸಿ ತೋರಿಸಿದಳು.

ನಾನು ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತೆ. ಒಂದೇ ಅಂಗಳದಲ್ಲಿ ನಾಲ್ಕು ಬಿಲ್ಲುಗಳು ಹಿಂಜುವಾಗ ಒಬ್ಬನ ಪೆಟ್ಟು ಇನ್ನೊಬ್ಬನ ಪೆಟ್ಟಿನ ಸಂದಿಯಲ್ಲಿ ಬೀಳುತ್ತಿತ್ತು. ಆ ಸದ್ದು ಕೇಳಿ ವರ್ಷಗಳಾಗಿದ್ದವು. ಹಾಗಂತ ಅವಳಿಗೆ ಹೇಳಲಿಲ್ಲ. ಕೆಟ್ಟ ತಂತಿ ಕೊಟ್ಟವನು ಮೆಚ್ಚುಗೆ ಹೇಳುವುದು ಹೇಗೆ?

ಮಾರನೆಯ ಬೆಳಿಗ್ಗೆಯೇ ಕರುಳು ತಂದೆ. ಕೆರೆದೆ, ನೆನೆಹಾಕಿದೆ, ದಿನಾ ನೀರು ಬದಲಿಸಿದೆ. ಆದರೆ ಹೊಸೆಯುವುದು ಹೇಗೆ? ಹಳೆಯ ರೀತಿಯಲ್ಲಿ ಹೊಸೆದರೆ ಹಳೆಯದೇ ತಂತಿ ಬರುತ್ತದೆ. ಹರಿದ ತುಂಡಿನ ಅಳತೆಗೆ ಒಂದು ಬಿದಿರಿನ ಚಕ್ಕೆಗೆ ಕಚ್ಚು ಕೊರೆದು, ಅವಳು ಬಿಚ್ಚಿಕೊಟ್ಟಿದ್ದ ಕೆಟ್ಟ ತಂತಿಯನ್ನು ಅದರಲ್ಲಿ ಎಳೆದು ನೋಡಿದೆ. ನಡುವೆ ಸರಿಯಾಗಿ ಕೂತಿತು. ಒಂದು ತುದಿಯಲ್ಲಿ ಸಿಕ್ಕಿಕೊಂಡಿತು, ಇನ್ನೊಂದು ತುದಿಯಲ್ಲಿ ಸಡಿಲಾಯಿತು. ನಾನು ಮೊದಲು ಅಳೆದದ್ದು ನಡುವೆ ಮಾತ್ರ. ಬಿಲ್ಲಿಗೆ ವರವಾಗಿದ್ದ ದಪ್ಪ ತುದಿ ಇಲ್ಲಿ ರೋಗವಾಗಿತ್ತು. ರೋಗ ತಿಳಿಯಿತು, ಮದ್ದು ತಿಳಿಯಲಿಲ್ಲ. ದಪ್ಪ ತುದಿಯನ್ನು ಉಜ್ಜಿ ಸಣ್ಣ ಮಾಡಲು ಹೋದೆ, ಎಳೆ ಎದ್ದು ಬಂತು. ಎರಡು ದಿನ ಹೀಗೇ ಕಳೆಯಿತು. ಬೂದಿನೀರಿನಲ್ಲಿ ಎಳೆಗಳನ್ನು ಇನ್ನೊಂದು ದಿನ ಬಿಟ್ಟರೆ ಕೊಳೆಯುತ್ತಿದ್ದವು.

ಅವತ್ತು ಸತ್ಯವ್ವ ಹಿತ್ತಲಿನಲ್ಲಿ ಎಮ್ಮೆಗೆ ಜೋಳದ ಕಣಿಕಿ ಹೊರೆ ಕಟ್ಟುತ್ತಿದ್ದಳು. ನಾನು ಸುಮ್ಮನೆ ನೋಡುತ್ತ ಕೂತಿದ್ದೆ.

“ಏನ ನೋಡಾಕತ್ತೀರಿ?” ಎಂದಳು. “ಎಲ್ಲಾ ಬುಡಾ ಒಂದ ಕಡೆ ಇಟ್ರ ಹೊರಿ ಒಂದ ಬಾಜೂ ಜಗ್ಗತೈತಿ. ಒಂದು ಬುಡಾ ಈ ಕಡೆ, ಒಂದು ಆ ಕಡೆ ಇಡಬೇಕು. ನಿಮ್ಮ ತಂತೀನೂ ಹಿಂಗ ಹೊಸದು ನೋಡ್ರಿ.”

“ನಿನಗೇನ ತಿಳೀತೈತಿ ತಂತಿ ಸುದ್ದಿ?”

“ಸಣ್ಣಾಕಿದ್ದಾಗಿಂದ ನೋಡೇನಲ್ಲ. ನಮ್ಮಪ್ಪ ರಾಟಿ ಮುಟ್ಟಗೊಡತಿರಲಿಲ್ಲ ಖರೆ. ನೋಡಬ್ಯಾಡ ಅಂದಿರ್ಲಿಲ್ಲ.” ಹೊರೆ ಎತ್ತಿಕೊಂಡು ಎಮ್ಮೆಯ ಕಡೆ ಹೋದಳು.

ಅವಳು ಅತ್ತ ಹೋದದ್ದೇ ತಡ, ನಾನು ರಾಟಿಗೆ ಕೂತೆ. ಒಂದು ಎಳೆಯ ದಪ್ಪ ತುದಿ ನನ್ನ ಕಡೆ, ಮುಂದಿನದರ ದಪ್ಪ ತುದಿ ಗೋಡೆಯ ಕಡೆ. ಮಾವನ ನಿಯಮ ಮುರಿಯುವಾಗ ಬೆನ್ನ ಹಿಂದೆ ಅವನು ನಿಂತಂತೆ ಆಗುತ್ತಿತ್ತು. ಹೊಸೆದು, ಬಿಗಿದು, ನೆರಳಿನಲ್ಲಿ ಒಣಗಿಸಿ, ಆ ಬಿದಿರಿನ ಕಚ್ಚಿನಲ್ಲಿ ಎಳೆದು ನೋಡಿದೆ. ಈ ತುದಿಯಿಂದ ಆ ತುದಿಯ ತನಕ ಒಂದೇ ಸಮನೆ ಸರಿಯಿತು. ಸತ್ಯವ್ವನಿಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಕಛೇರಿಯ ಹಿಂದಿನ ದಿನ ಗೋಕಾಕಕ್ಕೆ ಒಯ್ದೆ. ಲೋಬೊ ಮಾಸ್ತರು ಬಿಳಿ ಗಡ್ಡದ ತೆಳ್ಳನೆಯ ಮನುಷ್ಯ, ನನ್ನ ವಯಸ್ಸಿನವರು. ಸುಜಾತಾ ತಂತಿ ಏರಿಸಿ, ಕೆಳಗಿನಿಂದ ಮೇಲಿನ ತನಕ ಬೆರಳು ಜರುಗಿಸುತ್ತ ಬಾರಿಸಿದಳು. ಮಾಸ್ತರು ಕಣ್ಣುಮುಚ್ಚಿ ಕೇಳಿದರು. ಇನ್ನೊಮ್ಮೆ ಎಂದು ಕೈಮಾಡಿದರು. ಮತ್ತೂ ಒಮ್ಮೆ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ಕೊಂಕಣಿಯಲ್ಲಿ ಒಂದೇ ಮಾತು ಆಡಿ ತಮ್ಮ ಪಿಟೀಲು ಎತ್ತಿಕೊಂಡರು.

“ಏನಂದ್ರು?”

“ಚಲೋ ಐತಿ ಅಂದ್ರು ಕಾಕಾ. ಫ್ರಾನ್ಸಿಂದ ಬಾರಸ್ತೇವಿ.” ಅವಳ ಕಣ್ಣು ತುಂಬಿದ್ದವು.

ಮರುದಿನ ಸಂಜೆ ಸತ್ಯವ್ವನನ್ನೂ ಕರೆದುಕೊಂಡು ಹೋದೆ. ಸಭಾಭವನ ಮುಕ್ಕಾಲು ತುಂಬಿತ್ತು. ಬಾರಿಸುವ ಮೊದಲು ಲೋಬೊ ಮಾಸ್ತರು ಮಾತಾಡಿದರು, ಸುಜಾತಾ ಕನ್ನಡದಲ್ಲಿ ಹೇಳಿದಳು. ಈ ಸಂಗೀತಗಾರ ಇದನ್ನು ಬರೆದಾಗ ಮೂವತ್ತರ ಆಸುಪಾಸಿನವನು. ಪ್ಯಾರಿಸ್ಸಿನ ಒಂದು ದೊಡ್ಡ ಪ್ರದರ್ಶನಕ್ಕೆ ಜಾವಾ ದೇಶದವರು ಕಂಚಿನ ಜಾಗಟೆಗಳ ಮೇಳ ತಂದಿದ್ದರು. ಅವನು ಅದನ್ನು ಕೇಳಿ ಮರುಳಾಗಿದ್ದ. ಎರಡನೆಯ ಭಾಗದ ಮೀಟಿನಲ್ಲಿ ಆ ಜಾಗಟೆಗಳ ನೆನಪಿದೆ ಎಂದು ಬಹಳ ಜನ ಹೇಳುತ್ತಾರೆ. ಅಲ್ಲ, ಅದು ಸ್ಪೇನಿನ ಗಿಟಾರು ಎನ್ನುವವರೂ ಇದ್ದಾರೆ. ರಷ್ಯದವರ ಸಂಗೀತ ಅವನ ಕಿವಿಯಲ್ಲಿತ್ತು, ಹಳೆಯ ಇಗರ್ಜಿಯ ಹಾಡುಗಳ ಸ್ವರಗಳಿದ್ದವು, ಒಂದೇ ಧಾಟಿಯನ್ನು ತಿರುತಿರುಗಿ ತರುವುದನ್ನು ಹಿರಿಯರಿಂದ ಪಡೆದಿದ್ದ. ಇಷ್ಟು ಕಡೆಯಿಂದ ಬಂದರೂ ಎರಡು ಗಳಿಗೆ ಕೇಳಿದರೆ ಇದು ಇವನದೇ ಎಂದು ಗೊತ್ತಾಗುತ್ತದೆ ಎಂದರು.

ನನಗೆ ಇದು ವಿಚಿತ್ರ ಅನ್ನಿಸಿತು. ಒಬ್ಬ ದೊಡ್ಡ ಮನುಷ್ಯನನ್ನು ಹೊಗಳಲು ನಿಂತು, ಅವನು ಯಾರ ಯಾರಿಂದ ಏನೇನು ತಗೊಂಡ ಎಂದು ಲೆಕ್ಕ ಒಪ್ಪಿಸುತ್ತಾರಲ್ಲ! ನಮ್ಮ ಮನೆಯಲ್ಲಿ ನಾವು ಯಾರಿಂದಲೂ ಏನೂ ತಗೊಂಡವರಲ್ಲ ಎನ್ನುವುದೇ ಹೆಚ್ಚುಗಾರಿಕೆಯಾಗಿತ್ತು.

ಬಾರಿಸಿದರು. ನನ್ನ ಕಣ್ಣು ಒಂದೇ ತಂತಿಯ ಮೇಲಿತ್ತು. ಎರಡನೆಯ ಭಾಗದಲ್ಲಿ ಸುಜಾತಾ ಕಮಾನು ಬಿಟ್ಟು ಮೀಟಿದಾಗ ಅದು ನಡುಗುವುದು ನನ್ನ ಜಾಗದಿಂದಲೇ ಕಾಣುತ್ತಿತ್ತು. ಹರಿಯಲಿಲ್ಲ, ಜಾರಲೂ ಇಲ್ಲ. ಮೂರನೆಯ ಭಾಗ ಮೆತ್ತಗೆ ಶುರುವಾದಾಗ ತಂತಿ ನೋಡುವುದನ್ನು ಮರೆತೆ. ಅದು ಮುಂಜಾನೆ ಮಂಜು ಕವಿದ ಹೊಲದಲ್ಲಿ ದೂರದ ಹಿಂಡಿನ ಗಂಟೆ ಕೇಳಿದ ಹಾಗಿತ್ತು. ಅಷ್ಟೇ ನನಗೆ ಹೇಳಲು ಬರುವುದು. ಸತ್ಯವ್ವ ಮಾತ್ರ ಪಕ್ಕದಿಂದ ತಿವಿದು, “ಬಂತ ನೋಡ್ರಿ, ಅದ ಧಾಟಿ, ಅರಿವಿ ಬದಲಿ ಮಾಡೈತಿ” ಎಂದು ನಾಲ್ಕನೆಯ ಭಾಗದಲ್ಲಿ ಎರಡು ಸಲ ಹೇಳಿದಳು. ನನಗೆ ಒಂದು ಸಲವೂ ಗುರುತು ಸಿಕ್ಕಿರಲಿಲ್ಲ.

ಮುಗಿದ ಮೇಲೆ ಸುಜಾತಾ ನನ್ನನ್ನು ವೇದಿಕೆಗೆ ಕರೆದಳು. ಚಪ್ಪಾಳೆ. ಲೋಬೊ ಮಾಸ್ತರು ನನ್ನ ಕೈ ಹಿಡಿದು ಏನೋ ಕೇಳಿದರು. ಸುಜಾತಾ ಮೈಕಿನಲ್ಲಿ ಹೇಳಿದಳು, “ತಂತಿ ಎಲ್ಲಾ ಕಡೆ ಇಷ್ಟು ಸಮ ಬರೂದು ಭಾಳ ಕಠಿಣ ಅಂತ್ರಿ. ಈ ರೀತಿ ಹೊಸಿಯೂದನ್ನ ನೀವು ಯಾರಿಂದ ಕಲತ್ರಿ ಅಂತ ಕೇಳಾಕತ್ತಾರ.”

ಮೈಕು ನನ್ನ ಬಾಯ ಹತ್ತಿರ ಬಂತು. ಎದುರಿಗೆ ಅಷ್ಟು ಮಂದಿ. ಸತ್ಯವ್ವ ನಾಲ್ಕನೆಯ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ನಮ್ಮ ಸೋದರಮಾವನಿಂದ” ಎಂದೆ.

ಮತ್ತೆ ಚಪ್ಪಾಳೆ. ಅವಳೂ ತಟ್ಟಿದಳು.

ಮೂಡಲಗಿಯ ಬಸ್ಸು ಗೋಕಾಕ ದಾಟಿತು. ಆಮೇಲೆ ಸತ್ಯವ್ವ ಕಿಟಕಿಯ ಕಡೆ ಮುಖಮಾಡಿ, “ನಮ್ಮಪ್ಪ ಸತ್ತ ಮ್ಯಾಲೂ ನಿಮಗ ಕಲಸಾಕತ್ತಾನಲ್ರಿ. ಭಾಳ ಚಲೋ ಆತು ಬಿಡ್ರಿ” ಎಂದಳು. ಅಷ್ಟೇ. ಅದನ್ನು ಮತ್ತೆ ಎತ್ತಲಿಲ್ಲ. ಎತ್ತಿ ಜಗಳ ಮಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಅದಕ್ಕೆ ಎಡೆ ಕೊಡಲಿಲ್ಲ.

ಸುಜಾತಾಳ ದೆಸೆಯಿಂದ ಗೋವಾ, ಪುಣೆ ಕಡೆಯಿಂದ ತಂತಿ ಕೇಳುವವರು ಬಂದರು. ಬೆರಳು ಬಾಗುವಷ್ಟು ದಿನ ಮಾಡಿಕೊಟ್ಟೆ. ಪ್ರತಿ ತಂತಿಗೂ ಎಳೆಗಳನ್ನು ಅತ್ತೊಂದು ಇತ್ತೊಂದು ಜೋಡಿಸುವಾಗ ಆ ಮೈಕು ಬಾಯ ಮುಂದೆ ಬರುತ್ತಿತ್ತು. ಜಾವಾದವರ ಹೆಸರು ಹೇಳಿದ್ದರಿಂದ ಆ ಫ್ರಾನ್ಸಿನವನ ಕೀರ್ತಿಯೇನೂ ಇಳಿದಿರಲಿಲ್ಲ. ನನ್ನದು ಎಷ್ಟು ಇಳಿಯುತ್ತಿತ್ತು?

ಹೋದ ತಿಂಗಳು ನಿಮಗೆ ಆರೂ ಜನರಿಗೆ ಎಳೆ ಜೋಡಿಸುವುದನ್ನು ಹೇಳಿಕೊಡುತ್ತಿದ್ದೆ. ನನ್ನ ಬೆರಳಿನಿಂದ ಎಳೆಗಳು ಜಾರಿ ಜಾರಿ ಬೀಳುತ್ತಿದ್ದವು. ನಿಮ್ಮಲ್ಲಿ ಹುಕ್ಕೇರಿಯ ಹೆಣ್ಣುಮಗಳು ಕೇಳಿದಳು, “ಅಜ್ಜಾರ, ಹಿಂಗ ಅತ್ತೊಂದು ಇತ್ತೊಂದು ಇಡೂದನ್ನ ಯಾರ ಹುಡುಕಿದ್ರೀ?”

ಬಾಯಿಗೆ ಮೊದಲು ಬಂದದ್ದು ಮಾವನ ಹೆಸರೇ. ಅದನ್ನು ನುಂಗಿಕೊಂಡೆ. ಒಳಗೆ ಕೇಳುವಷ್ಟು ದೊಡ್ಡ ದನಿಯಲ್ಲಿ, “ನಮ್ಮ ಮನಿಯಾಕಿ. ಗೋಕಾಕದಾಗ ಕೇಳಿದಾಗ ನಾ ಹೇಳಿದ್ದು ಸುಳ್ಳು. ಇದು ಸತ್ಯವ್ವಂದು” ಎಂದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸತ್ಯವ್ವ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಯಾರನ್ನೂ ನೋಡಲಿಲ್ಲ. “ಸರೀರಿ ಅತ್ತಾಗ” ಎಂದು ನನ್ನ ಕೈಯಿಂದ ಎಳೆ ತೆಗೆದುಕೊಂಡು ರಾಟಿಯ ಮುಂದೆ ಕೂತಳು. ಆ ರಾಟಿಗೆ ಅವಳು ಕೂತದ್ದು ಅದೇ ಮೊದಲು. ನಾನು ಎರಡು ದಿನದಿಂದ ಹೇಳಿ ತಿಳಿಸಲಾಗದ್ದನ್ನು ಅವಳು ಮಾತಿಲ್ಲದೆ ಜೋಡಿಸಿ ತೋರಿಸಿದಳು.

ಆದ್ದರಿಂದ ಬೂದಿನೀರು, ಕೆರೆಯುವುದು, ಒಣಗಿಸುವುದು, ಇವೆಲ್ಲ ಏನಿದ್ದರೂ ನನ್ನನ್ನು ಕೇಳಿರಿ. ಎಳೆ ಜೋಡಿಸುವ ಪಾಠಕ್ಕೆ ಮಾತ್ರ ನನ್ನ ಹತ್ತಿರ ಬರಬೇಡಿರಿ. ಒಳಗೆ ಹೋಗಿ ಅವಳನ್ನು ಕೇಳಿರಿ. ರೊಟ್ಟಿ ಮುಗಿಯುವ ತನಕ ಕಾಯಿರಿ, ಇಲ್ಲದಿದ್ದರೆ ಬೈಯುತ್ತಾಳೆ.